ಅಮ್ಮನ ಕೈ ಇನ್ನೂ ಬಿಸಿ ಇತ್ತು. ಹಾಗಾದರೆ ಇಲ್ಲದೇ ಹೋದದ್ದು ಏನು?

ಸಂಜೆಮಲ್ಲಿಗೆ
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ. ಬರೆಯುತ್ತಿರುವುದು ಇದೇ ಮೊದಲು.

ನಾಲ್ಕು ತಿಂಗಳ ಹಿಂದೆ ಅಮ್ಮ ತೀರಿಕೊಂಡರು. ಕೊನೆಯ ಎರಡು ದಿನ ಮಾತಿರಲಿಲ್ಲ, ಕಣ್ಣೂ ಬಿಡುತ್ತಿರಲಿಲ್ಲ. ಆದರೆ ನಾನು ಕೈ ಹಿಡಿದರೆ ಅವರ ಹೆಬ್ಬೆರಳು ನನ್ನ ಕೈ ಮೇಲೆ ಮೆಲ್ಲಗೆ ಆಡುತ್ತಿತ್ತು. ಚಿಕ್ಕವಳಿದ್ದಾಗ ನನಗೆ ಜ್ವರ ಬಂದರೆ ಹೀಗೇ ಸವರುತ್ತಿದ್ದರು. ಅವತ್ತು ಬೆಳಗಿನ ಜಾವ ನಾಲ್ಕು ದಾಟಿರಬೇಕು. ಬೆರಳು ಒಂದು ಸಲ ಆಡಿತು, ನಿಂತಿತು. ಮತ್ತೆ ಆಡುತ್ತದೆ ಅಂತ ಕಾಯುತ್ತಾ ಕೂತೆ. ಆಡಲಿಲ್ಲ. ಕೈ ಮಾತ್ರ ಇನ್ನೂ ಬಿಸಿ ಇತ್ತು. ಅದೇ ಉಗುರು, ಅದೇ ಸುಕ್ಕು, ಬೆರಳ ತುದಿಯಲ್ಲಿ ಅದೇ ಹಳೇ ಗಾಯದ ಗುರುತು.

ಒಂದು ನಿಮಿಷದ ಹಿಂದೆ ಇದ್ದು ಈಗ ಇಲ್ಲದೇ ಹೋದದ್ದು ಏನು? ಅದು ಎಲ್ಲಿಗಾದರೂ ಹೋಯಿತಾ, ಅಲ್ಲೇ ಮುಗಿಯಿತಾ? ಜ್ಞಾನೋದಯ ಆದವರು ಅಂತ ಹೇಳುತ್ತೇವಲ್ಲ, ಅವರಿಗೆ ಇದಕ್ಕೆ ಉತ್ತರ ಗೊತ್ತಿತ್ತಾ?

ಸಮಾಧಾನದ ಮಾತು ಬೇಡ. ಅದು ಬೇಕಾದಷ್ಟು ಸಿಕ್ಕಿದೆ. ನಿಮಗೆ ಏನು ಅನ್ನಿಸುತ್ತದೋ ಅದನ್ನೇ ಬರೆಯಿರಿ.

ಹಾದಿಹೋಕ
ಅಕ್ಕ, ಓದಿ ಗಂಟಲು ಕಟ್ಟಿತು. ನನ್ನ ಹತ್ತಿರ ಉತ್ತರ ಇಲ್ಲ. ಬೇರೆಯವರು ಬರೆಯುವುದನ್ನು ಓದುತ್ತೇನೆ.

ನೇರಮಾತು
ನೀವು ನೇರವಾಗಿ ಕೇಳಿದ್ದೀರಿ, ನಾನೂ ನೇರವಾಗಿ ಹೇಳುತ್ತೇನೆ. ಎಲ್ಲಿಗೂ ಹೋಗಲಿಲ್ಲ. ಅರಿವು ಒಂದು ವಸ್ತು ಅಲ್ಲ, ಮಿದುಳು ಮಾಡುವ ಕೆಲಸ. ರಕ್ತ ಹೋಗುವುದು ನಿಂತರೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ಬುಗುರಿ ನಿಂತ ಮೇಲೆ ಅದರ ತಿರುಗಾಟ ಎಲ್ಲಿಗೆ ಹೋಯಿತು ಅಂತ ಯಾರೂ ಹುಡುಕುವುದಿಲ್ಲ ಅಲ್ವಾ?

ಇದು ಲ್ಯಾಬಿನಿಂದ ಬಂದ ಹೊಸ ಮಾತು ಅಂದುಕೊಳ್ಳಬೇಡಿ. ನಮ್ಮ ಪುರಾತನ ನಾಸ್ತಿಕ ಪಂಥದ ಚಾರ್ವಾಕರು ಇದನ್ನೇ ಹೇಳಿದ್ದರು. ಮಣ್ಣು, ನೀರು, ಬೆಂಕಿ, ಗಾಳಿ ಕೂಡಿದಾಗ ಅರಿವು ಹುಟ್ಟುತ್ತದೆ, ಹುಳಿ ಬರಿಸಿದ ಪದಾರ್ಥದಲ್ಲಿ ಅಮಲು ಹುಟ್ಟುವ ಹಾಗೆ. ಬಿಡಿಸಿದರೆ ಅಮಲೂ ಇಲ್ಲ. ಇದರಿಂದ ನಿಮ್ಮ ಅಮ್ಮನ ಪ್ರೀತಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಇದನ್ನು ನಾನು ಮನಸಾರೆ ಹೇಳುತ್ತಿದ್ದೇನೆ.

ಬೆಳಕಿನೆಡೆಗೆ
ಇಷ್ಟು ಖಡಾಖಂಡಿತವಾಗಿ ಹೇಳುವುದು ಹೇಗೆ ಸಾರ್? ಸಾವಿನ ಬಾಗಿಲ ತನಕ ಹೋಗಿ ಬಂದವರು ಹೇಳುವುದನ್ನು ಏನು ಮಾಡುತ್ತೀರಿ? 2001ರಲ್ಲಿ ಪಿಮ್ ವಾನ್ ಲೊಮ್ಮೆಲ್ ಅನ್ನುವ ಹೃದಯತಜ್ಞರು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ನೆದರ್ಲೆಂಡ್ಸ್‌ನ 10 ಆಸ್ಪತ್ರೆಗಳಲ್ಲಿ ಹೃದಯ ನಿಂತು ಮತ್ತೆ ಬದುಕಿದ 344 ಜನರನ್ನು ಮಾತಾಡಿಸಿದರು. ಅವರಲ್ಲಿ 62 ಜನ ಅನುಭವ ಹೇಳಿದರು. ಬೆಳಕು ಕಂಡಿದೆ, ತೀರಿಕೊಂಡವರನ್ನು ಕಂಡಿದ್ದಾರೆ, ಮೈಯಿಂದ ಆಚೆ ನಿಂತು ನೋಡಿದ್ದಾರೆ. ಪ್ರಾಣ ಹೋಗುವಾಗ 21 ಗ್ರಾಂ ತೂಕ ಕಡಿಮೆಯಾಗುವುದೂ ಸಾಬೀತಾಗಿದೆಯಲ್ಲ?

ನೇರಮಾತು
21 ಗ್ರಾಂ ಸಾಬೀತಾಗಿಲ್ಲ. 1907ರಲ್ಲಿ ಡಂಕನ್ ಮ್ಯಾಕ್‌ಡೌಗಲ್ ಅನ್ನುವ ಅಮೆರಿಕದ ಡಾಕ್ಟರ್ ಸಾಯುತ್ತಿದ್ದವರನ್ನು ತಕ್ಕಡಿಯ ಮೇಲೆ ಮಲಗಿಸಿ ತೂಗಿದ ಲೆಕ್ಕ ಪ್ರಕಟಿಸಿದರು. ತೂಗಿದ್ದು ಆರು ಜನರನ್ನು. ಎರಡು ಅಳತೆಗಳನ್ನು ಅವರೇ ಕೈಬಿಟ್ಟರು. ಆ 21 ಗ್ರಾಂ ಬಂದದ್ದು ಒಬ್ಬರ ತೂಕದಿಂದ. ಒಬ್ಬರನ್ನು ಹಿಡಿದುಕೊಂಡು ಇಡೀ ಲೋಕಕ್ಕೆ ಆತ್ಮದ ತೂಕ ಹೇಳುವುದು ಸರಿಯಲ್ಲ.

ಬೆಳಕಿನೆಡೆಗೆ
ಸರಿ, ತೂಕದ ಮಾತು ವಾಪಸ್ ತಗೊಂಡೆ. ಆ 62 ಜನರ ಮಾತನ್ನು ವಾಪಸ್ ತಗೊಳ್ಳುವುದಿಲ್ಲ.

ಅರಿವಳಿಕೆ ಡಾಕ್ಟರ್
ನಾನು ದಿನಾ ಮಾಡುವ ಕೆಲಸವೇ ಇದು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ವಿಭಾಗಕ್ಕೆ ಕನ್ನಡದಲ್ಲಿ ಎಂಥಾ ಹೆಸರಿದೆ ನೋಡಿ. ಅರಿವಳಿಕೆ. ಅರಿವು ಅಳಿಯುವುದು. ಸಿರಿಂಜಿನಲ್ಲಿ ಹಾಲಿನ ಬಣ್ಣದ ಔಷಧಿ. "ಹತ್ತರಿಂದ ಹಿಂದಕ್ಕೆ ಎಣಿಸಿ" ಅನ್ನುತ್ತೇನೆ. ಹತ್ತು, ಒಂಬತ್ತು, ಎಂಟು... ಏಳು ಅನ್ನುವಾಗ ನಾಲಿಗೆ ತೊದಲುತ್ತದೆ. ಆರು ಬರುವುದೇ ಇಲ್ಲ. ಮೂರು ಗಂಟೆ ಆಪರೇಷನ್ ಮುಗಿಸಿ ಎಬ್ಬಿಸಿದರೆ ಎಷ್ಟೋ ಜನ "ಇನ್ನೂ ಶುರು ಮಾಡಿಲ್ವಾ?" ಅಂತ ಕೇಳುತ್ತಾರೆ. ನಿದ್ದೆಯಲ್ಲಿ ಹೊತ್ತು ಹೋದದ್ದು ಮಸುಕಾಗಿಯಾದರೂ ಗೊತ್ತಾಗುತ್ತದೆ. ಇಲ್ಲಿ ಅದೂ ಇಲ್ಲ. ಆ ಹೊತ್ತಿನಲ್ಲಿ ಮಿದುಳು ಆರಿಹೋಗಿರುವುದಿಲ್ಲ, ಕೆಲಸ ಮಾಡುತ್ತಲೇ ಇರುತ್ತದೆ. ಅದರ ಒಂದು ಭಾಗ ಇನ್ನೊಂದು ಭಾಗದ ಜೊತೆ ಮಾತಾಡುವುದು ಕಡಿದುಹೋಗಿರುತ್ತದೆ. ಅರಿವಿಗೂ ಮಿದುಳಿಗೂ ಗಟ್ಟಿ ನಂಟಿದೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಬೆಳಕಿನೆಡೆಗೆ ಅವರೇ, ಆ 62 ಜನ ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಆದರೆ ಅವರೆಲ್ಲ ವಾಪಸ್ ಬಂದವರು. ಸತ್ತವರಲ್ಲ, ಸಾಯುವುದರಲ್ಲಿದ್ದವರು. ಸ್ಯಾಮ್ ಪಾರ್ನಿಯಾ ಅನ್ನುವ ಡಾಕ್ಟರ ತಂಡ, ಮೈಯಿಂದ ಆಚೆ ನಿಂತು ನೋಡುವುದು ನಿಜವಾ ಅಂತ ಪರೀಕ್ಷೆ ಮಾಡುವುದಕ್ಕೆ ಆಸ್ಪತ್ರೆಯ ಕೋಣೆಗಳಲ್ಲಿ ಎತ್ತರದ ಶೆಲ್ಫ್ ಹಾಕಿ, ಮೇಲಿಂದ ನೋಡಿದರೆ ಮಾತ್ರ ಕಾಣುವ ಹಾಗೆ ಚಿತ್ರಗಳನ್ನು ಇಟ್ಟಿತು. 2014ರಲ್ಲಿ ಫಲಿತಾಂಶ ಬಂತು. ಒಟ್ಟು 2060 ಹೃದಯಸ್ತಂಭನ, ಬದುಕಿದವರು 330. ಆರೋಗ್ಯ, ಒಪ್ಪಿಗೆ ಎಲ್ಲ ನೋಡಿಕೊಂಡು ವಿವರವಾಗಿ ಮಾತಾಡಿಸಲು ಸಿಕ್ಕವರು 101. ಅವರಲ್ಲಿ ಆ ಥರದ ಅನುಭವ ಹೇಳಿದವರು ನೂರಕ್ಕೆ ಒಂಬತ್ತು. ಸುತ್ತ ನಡೆದದ್ದನ್ನು ಕಂಡೆ, ಕೇಳಿದೆ ಅಂದವರು ಇಬ್ಬರು. ಆ ಇಬ್ಬರಿಗೂ ಹೃದಯ ನಿಂತದ್ದು ಶೆಲ್ಫ್ ಇಲ್ಲದ ಕಡೆ! ಹಾಗಾಗಿ ಆ ಪರೀಕ್ಷೆ ಈ ಕಡೆಯೂ ಇಲ್ಲ, ಆ ಕಡೆಯೂ ಇಲ್ಲ.

ನೇರಮಾತು ಅವರಿಗೂ ಒಂದು ಮಾತು. ಮಿದುಳಿನ ಯಾವ ಭಾಗ ಕೆಟ್ಟರೆ ಏನು ಹೋಗುತ್ತದೆ ಅಂತ ನಮಗೆ ಗೊತ್ತು. ಆದರೆ ನರಕೋಶಗಳ ಈ ಮಿಂಚಾಟಕ್ಕೆ "ನನಗೆ ನೋವಾಗುತ್ತಿದೆ" ಅನ್ನುವ ಒಳಗಿನ ಅನುಭವ ಯಾಕೆ ಅಂಟಿಕೊಂಡಿದೆ? 1998ರಲ್ಲಿ ಕ್ರಿಸ್ಟಾಫ್ ಕೋಖ್ ಅನ್ನುವ ವಿಜ್ಞಾನಿ, ತತ್ವಜ್ಞಾನಿ ಡೇವಿಡ್ ಚಾಮರ್ಸ್ ಜೊತೆ ಬಾಜಿ ಕಟ್ಟಿದರು. ಅರಿವಿಗೆ ಕಾರಣವಾಗುವ ಮಿದುಳಿನ ಗುರುತು 25 ವರ್ಷದಲ್ಲಿ ಸ್ಪಷ್ಟವಾಗಿ ಸಿಗುತ್ತದೆ ಅಂತ. 2023ರಲ್ಲಿ ಕೋಖ್ ಎಲ್ಲರೆದುರು ಸೋಲೊಪ್ಪಿ ವೈನ್ ಬಾಟಲಿಗಳನ್ನು ಕೊಟ್ಟರು. ಬುಗುರಿಯ ತಿರುಗಾಟದ ಲೆಕ್ಕ ನಮಗೆ ಪೂರ್ತಿ ಗೊತ್ತಿದೆ. ಅರಿವಿನದು ಹಾಗಲ್ಲ. ಹೋಲಿಕೆ ಅಲ್ಲಿ ಕುಂಟುತ್ತದೆ.

ನೇರಮಾತು
ಒಪ್ಪುತ್ತೇನೆ ಡಾಕ್ಟ್ರೇ. ಆದರೆ ಗೊತ್ತಿಲ್ಲ ಅನ್ನುವ ಜಾಗಕ್ಕೆಲ್ಲ ಆತ್ಮವನ್ನು ತಂದು ಕೂರಿಸುವುದು ಸರಿಯಲ್ಲ ಅಲ್ವಾ?

ಅರಿವಳಿಕೆ ಡಾಕ್ಟರ್
ಖಂಡಿತ ಸರಿಯಲ್ಲ. ನಾನೂ ಕೂರಿಸಲಿಲ್ಲ.

ನೈಟ್ ಡ್ಯೂಟಿ
ನಾನು ತೀವ್ರ ನಿಗಾ ಘಟಕದಲ್ಲಿ ಹದಿನೇಳು ವರ್ಷದಿಂದ ನರ್ಸ್. ಕಂಡದ್ದನ್ನು ಹೇಳುತ್ತೇನೆ.

ಒಬ್ಬರು ಅಜ್ಜಿ ಇದ್ದರು. ಮರೆವಿನ ಕಾಯಿಲೆ. ಮಗಳ ಗುರುತು ಹಿಡಿಯದೆ ವರ್ಷಗಳೇ ಆಗಿದ್ದವು. ಒಂದು ಸಂಜೆ ನಾನು ದಿಂಬು ಸರಿ ಮಾಡುತ್ತಿದ್ದೆ. ತಟ್ಟನೆ ಮಗಳ ಹೆಸರು ಹಿಡಿದು ಕರೆದರು. "ಕೂದಲು ಯಾಕೆ ಹಿಂಗೆ ಬಿಟ್ಕೊಂಡಿದೀಯ, ಬಾ ಜಡೆ ಹಾಕ್ತೀನಿ" ಅಂದರು. ಮಗಳು ಹಾಸಿಗೆಯ ಅಂಚಿನಲ್ಲಿ ಬೆನ್ನು ಮಾಡಿ ಕೂತರು. ಅಜ್ಜಿ ಮೂರು ಎಳೆ ಮಾಡಿ ಜಡೆ ಹೆಣೆದರು. ಬೆರಳು ಎಲ್ಲೂ ತಪ್ಪಲಿಲ್ಲ. ಅರ್ಧ ಗಂಟೆ ಸರಿಯಾಗಿ ಮಾತಾಡಿ ಮಲಗಿದರು. ಮಾರನೇ ದಿನ ಹೋದರು. ದೀಪ ಆರುವ ಮುಂಚೆ ಒಂದು ಸಲ ಜೋರಾಗಿ ಉರಿಯುತ್ತದೆ ಅಂತಾರಲ್ಲ, ಹಾಗೆ.

ನೇರಮಾತು ಅವರೇ, ಮಿದುಳು ಹಾಳಾಗಿತ್ತು. ಹಾಗಾದರೆ ಆ ನೆನಪು ಎಲ್ಲಿತ್ತು? ವಾದಕ್ಕೆ ಕೇಳುತ್ತಿಲ್ಲ, ನಿಜವಾಗಲೂ ಕೇಳುತ್ತಿದ್ದೇನೆ.

ನೇರಮಾತು
ನೆನಪು ಅಳಿಸಿಹೋಗಿರಲಿಲ್ಲ, ಅದರ ಹತ್ತಿರ ಹೋಗುವ ದಾರಿ ಮುಚ್ಚಿತ್ತು ಅಂತ ನನಗೆ ಅನ್ನಿಸುತ್ತದೆ. ಕೊನೆಯಲ್ಲಿ ಯಾವುದೋ ರಾಸಾಯನಿಕದ ಏರುಪೇರಿನಿಂದ ದಾರಿ ತೆರೆಯಿತು. ಆದರೆ ನೀವು ಬರೆದದ್ದನ್ನು ಎರಡು ಸಲ ಓದಿದೆ ಸಿಸ್ಟರ್. ನನ್ನ ಉತ್ತರ ಚಿಕ್ಕದಾಯಿತು ಅಂತ ನನಗೇ ಅನ್ನಿಸುತ್ತಿದೆ.

ಅರಿವಳಿಕೆ ಡಾಕ್ಟರ್
ಇದಕ್ಕೆ ಈಗ ಹೆಸರಿದೆ. 2009ರಿಂದ ಟರ್ಮಿನಲ್ ಲುಸಿಡಿಟಿ ಅನ್ನುತ್ತಾರೆ. ಕೊನೆಯ ಹೊತ್ತಿನ ತಿಳಿವು. ಇದರ ಜೊತೆ ಇನ್ನೊಂದು ವಿಷಯ ಇಟ್ಟು ನೋಡಿ. 2023ರಲ್ಲಿ ಮಿಶಿಗನ್‌ನಲ್ಲಿ ಜಿಮೊ ಬೊರ್ಜಿಗಿನ್ ಅನ್ನುವ ವಿಜ್ಞಾನಿಯ ತಂಡ, ಉಸಿರಾಟದ ಯಂತ್ರ ತೆಗೆದ ನಾಲ್ಕು ರೋಗಿಗಳ ಮಿದುಳಿನ ದಾಖಲೆ ನೋಡಿತು. ಇಬ್ಬರಲ್ಲಿ ಗಾಮಾ ಅಲೆಗಳು ಜೋರಾಗಿ ಎದ್ದಿದ್ದವು. ಎಚ್ಚರ ಇರುವವರಲ್ಲಿ, ಗಮನ ಕೊಟ್ಟು ಯೋಚಿಸುವಾಗ ಕಾಣುವ ಅಲೆ ಅದು. ಆ ಇಬ್ಬರೂ ಬದುಕಲಿಲ್ಲ, ಏನು ಕಂಡರು ಅಂತ ಕೇಳುವುದಕ್ಕೆ ಆಗಲಿಲ್ಲ. ಸಾಯುವ ಮಿದುಳು ಸುಮ್ಮನೆ ಮಂಕಾಗುತ್ತಾ ಹೋಗುತ್ತದೆ ಅನ್ನುವ ಪಾಠವನ್ನಂತೂ ನಾವು ತಿದ್ದಿಕೊಳ್ಳಬೇಕು.

ಮರುಹುಟ್ಟು
ಹಿಂದಿನ ಜನ್ಮ ನೆನಪಿರುವ ಮಕ್ಕಳ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್ಸನ್ ಅಂಥ ಎರಡು ಸಾವಿರಕ್ಕೂ ಜಾಸ್ತಿ ಪ್ರಕರಣ ಕಲೆಹಾಕಿದ್ದಾರೆ.

ನೇರಮಾತು
ಕಲೆಹಾಕಿದ್ದಾರೆ, ಶ್ರದ್ಧೆಯಿಂದಲೇ ಮಾಡಿದ್ದಾರೆ. ಆದರೆ ಎರಡು ಮನೆಯವರು ಮೊದಲೇ ಭೇಟಿಯಾಗಿ ಮಾತಾಡಿಕೊಂಡ ಮೇಲೆ ಬರೆದಿಟ್ಟ ಪ್ರಕರಣಗಳೇ ಜಾಸ್ತಿ. ಯಾರು ಮೊದಲು ಏನು ಹೇಳಿದರು ಅಂತ ಆಮೇಲೆ ಬಿಡಿಸುವುದು ಕಷ್ಟ. ಅದೇ ಸ್ಟೀವನ್ಸನ್ ಒಂದು ಬೀಗಕ್ಕೆ ತಾವೇ ಗುಟ್ಟಿನ ಸಂಖ್ಯೆ ಇಟ್ಟು ಹೋದರು. ಸತ್ತ ಮೇಲೆ ಯಾರಿಗಾದರೂ ಆ ಸಂಖ್ಯೆ ತಿಳಿಸುತ್ತೇನೆ ಅನ್ನುವುದು ಅವರ ಯೋಚನೆ. 2007ರಲ್ಲಿ ತೀರಿಕೊಂಡರು. ಅಂಥ ಪರೀಕ್ಷೆಗೆ ತಮ್ಮ ಸಾವನ್ನೇ ಒಡ್ಡಿದ ಮನುಷ್ಯನ ಬಗ್ಗೆ ನನಗೆ ಗೌರವ ಇದೆ.

ಮರುಹುಟ್ಟು
ಎಲ್ಲ ಪ್ರಕರಣವೂ ಹಾಗಲ್ಲ. ಮಗು ಹೇಳಿದ್ದನ್ನು ಮೊದಲೇ ಬರೆದಿಟ್ಟು ಆಮೇಲೆ ಹುಡುಕಿದ್ದೂ ಇದೆ. ಅಂಥವನ್ನು ಬೇರೆ ಮಾಡಿ ನೋಡಿ, ಆಮೇಲೆ ಮಾತಾಡಿ.

ಹಳೇ ಮೇಷ್ಟ್ರು
ಮಕ್ಕಳೇ, ಸಂಜೆಮಲ್ಲಿಗೆಯ ಪ್ರಶ್ನೆ ಎರಡು ಇದ್ದವು. ಎರಡನೆಯದನ್ನು ಯಾರೂ ಮುಟ್ಟಲಿಲ್ಲ.

ಮೊದಲು ನಮ್ಮ ಮಾತನ್ನೇ ನೋಡಿ. "ಜೀವ ಹೋಯಿತು" ಅನ್ನುತ್ತೇವೆ. ಇಲ್ಲಿ ಹೋದದ್ದು ಜೀವ. "ಜೀವ ಬಿಟ್ಟರು" ಅಂತಲೂ ಅನ್ನುತ್ತೇವೆ. ಹಾಗಾದರೆ ಜೀವವನ್ನು ಬಿಟ್ಟವರು ಯಾರು, ಅವರು ಜೀವಕ್ಕಿಂತ ಬೇರೆಯಾ? "ತೀರಿಕೊಂಡರು" ಅನ್ನುವಾಗ ಯಾರೂ ಎಲ್ಲಿಗೂ ಹೋಗಲಿಲ್ಲ, ಲೆಕ್ಕ ತೀರಿತು ಅಷ್ಟೆ. ಶರಣರು "ಬಯಲಾದರು" ಅಂದರು. ಒಂದೇ ಸಾವಿಗೆ ನಾಲ್ಕು ಮಾತು, ನಾಲ್ಕು ಉತ್ತರ. ಯಾವ ಮಾತು ಬಾಯಿಗೆ ಬರುತ್ತದೋ ಅದರ ಹಿಂದೆ ಪ್ರಶ್ನೆಯೂ ಬರುತ್ತದೆ. "ಹೋದರು" ಅಂದರೆ ತಾನೇ "ಎಲ್ಲಿಗೆ" ಅಂತ ಕೇಳುವುದು?

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯರು ಮನೆ ಬಿಟ್ಟು ಹೊರಡುವಾಗ ಹೆಂಡತಿ ಮೈತ್ರೇಯಿ ಅವರನ್ನು ತಡೆದು ಕೇಳುತ್ತಾಳೆ. ಆಸ್ತಿ ಬೇಡ, ಸಾವಿಲ್ಲದ್ದು ಯಾವುದು ಹೇಳಿ ಅಂತ. ಅವರು ಉಪ್ಪಿನ ಹರಳಿನ ಮಾತು ಹೇಳುತ್ತಾರೆ. ನೀರಿಗೆ ಹಾಕಿದ ಹರಳನ್ನು ಮತ್ತೆ ಎತ್ತಿಕೊಳ್ಳಲು ಆಗುವುದಿಲ್ಲ, ಆದರೆ ಎಲ್ಲಿಂದ ನೀರು ತಗೊಂಡರೂ ಉಪ್ಪು. ಅಷ್ಟಕ್ಕೇ ನಿಲ್ಲಿಸದೆ, ಸತ್ತ ಮೇಲೆ ಸಂಜ್ಞೆ ಇಲ್ಲ ಅಂದುಬಿಡುತ್ತಾರೆ. ಎಚ್ಚರ ಇಲ್ಲ ಅಂತ! ಮೈತ್ರೇಯಿ ತಬ್ಬಿಬ್ಬಾಗಿ, ನನ್ನನ್ನು ಗೊಂದಲಕ್ಕೆ ತಳ್ಳಿದಿರಿ ಅನ್ನುತ್ತಾಳೆ. ಆಗ ಅವರು ಬಿಡಿಸಿ ಹೇಳುವುದು ಇಷ್ಟು. ಇಬ್ಬರಿದ್ದಂತೆ ಇರುವಾಗ ಒಬ್ಬರು ಇನ್ನೊಬ್ಬರನ್ನು ನೋಡಬಹುದು, ಕೇಳಬಹುದು. ಎಲ್ಲವೂ ಒಂದೇ ಆದಾಗ ಯಾರು ಯಾರನ್ನು ನೋಡಬೇಕು? ಅರಿಯುವವನನ್ನು ಯಾವುದರಿಂದ ಅರಿಯುವುದು?

ನಲವತ್ತು ವರ್ಷ ಪಾಠ ಮಾಡಿದ್ದೇನೆ. ಆ ಭಾಗ ಬಂದಾಗಲೆಲ್ಲ ನಾನು ಓದು ನಿಲ್ಲಿಸಿ ಕಿಟಕಿಯ ಆಚೆ ನೋಡುತ್ತಿದ್ದೆ. ಸತ್ತ ಮೇಲೆ ಸುಖವಾಗಿರುತ್ತೀಯ ಅಂತ ಆತ ಹೆಂಡತಿಗೆ ಹೇಳಬಹುದಿತ್ತು. ಹೇಳಲಿಲ್ಲ.

ಬೆಳಕಿನೆಡೆಗೆ
ಮೇಷ್ಟ್ರೇ, ಹಾಗಾದರೆ ಯಾಜ್ಞವಲ್ಕ್ಯರು ನೇರಮಾತು ಅವರ ಪಕ್ಷನಾ??

ಹಳೇ ಮೇಷ್ಟ್ರು
ಅಲ್ಲಪ್ಪ. "ಅಮ್ಮ", "ನಾನು", "ನನ್ನದು" ಅಂತ ಗುರುತಿಟ್ಟುಕೊಳ್ಳುವ ಎಚ್ಚರ ಉಳಿಯುವುದಿಲ್ಲ ಅಂದರು. ಅರಿವೇ ಇಲ್ಲವಾಗುತ್ತದೆ ಅನ್ನಲಿಲ್ಲ. ಹರಳು ಹೋಯಿತು, ಉಪ್ಪು ಹೋಗಲಿಲ್ಲ.

ನೇರಮಾತು
ಮೇಷ್ಟ್ರೇ, ನನಗೆ ಬೇಕಾಗಿದ್ದದ್ದು ಆ ಹರಳೇ ಆಗಿದ್ದರೆ? ಉಪ್ಪುನೀರು ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ.

ಹಳೇ ಮೇಷ್ಟ್ರು
ಮೈತ್ರೇಯಿ ತಬ್ಬಿಬ್ಬಾದದ್ದೂ ಅದಕ್ಕೇ ಅಂತ ನನಗೆ ಅನ್ನಿಸುತ್ತದೆ.

ಸುಮ್ನೆ ಕೂತವ
ಇಪ್ಪತ್ತು ವರ್ಷದಿಂದ ಧ್ಯಾನಕ್ಕೆ ಕೂರುತ್ತಿದ್ದೇನೆ. ನನಗೆ ಜ್ಞಾನೋದಯ ಆಗಿಲ್ಲ. ಆದರೆ ಆ ಪದದ ಬಗ್ಗೆ ಇರುವ ಒಂದು ತಪ್ಪು ತಿಳಿವಳಿಕೆ ಬಗ್ಗೆ ಹೇಳಬೇಕು. ಜ್ಞಾನಿ ಅಂದರೆ ಸಾವಿನ ಆಚೆಗೆ ಹೋಗಿ ಸುದ್ದಿ ತಂದವನು ಅಂದುಕೊಳ್ಳುತ್ತೇವೆ. ಜ್ಞಾನಿಗಳೆಲ್ಲ ಹಾಗೆ ಹೇಳಿಕೊಂಡವರಲ್ಲ.

1896ರಲ್ಲಿ ಮಧುರೆಯಲ್ಲಿ ವೆಂಕಟರಾಮನ್ ಅನ್ನುವ ಹದಿನಾರು ವರ್ಷದ ಹುಡುಗ. ಮನೆಯ ಮಹಡಿಯ ಮೇಲೆ ಒಬ್ಬನೇ ಕೂತಿದ್ದ. ಕಾಯಿಲೆ ಏನಿಲ್ಲ. ಇದ್ದಕ್ಕಿದ್ದಂತೆ ಸಾಯುತ್ತೇನೆ ಅನ್ನುವ ಭಯ ಹಿಡಿಯಿತು. ಓಡಿಹೋಗಿ ಯಾರನ್ನೂ ಕರೆಯಲಿಲ್ಲ. ಮಲಗಿ, ಕೈಕಾಲು ಚಾಚಿ, ಉಸಿರು ಬಿಗಿಹಿಡಿದು, ತುಟಿ ಮುಚ್ಚಿ ಹೆಣದ ಹಾಗೆ ಬಿದ್ದುಕೊಂಡ. ಈ ದೇಹ ಸತ್ತಿತು, ಇದನ್ನು ಸುಡುತ್ತಾರೆ, ಆಗ ನಾನೂ ಸತ್ತೆನಾ ಅಂತ ಒಳಗೇ ಕೇಳಿಕೊಂಡ. ಅದಾದ ಮೇಲೆ ಸಾವಿನ ಭಯ ಅವನ ಹತ್ತಿರ ಬರಲೇ ಇಲ್ಲ. ಮುಂದೆ ಅವರೇ ರಮಣ ಮಹರ್ಷಿ. 1950ರಲ್ಲಿ, ತೋಳಿನ ಕ್ಯಾನ್ಸರ್ ಜಾಸ್ತಿಯಾಗಿ ಕೊನೆ ಹತ್ತಿರ ಬಂದಾಗ, ಬಿಟ್ಟು ಹೋಗಬೇಡಿ ಅಂತ ಬೇಡಿಕೊಂಡವರಿಗೆ, ನಾನು ಎಲ್ಲಿಗೆ ಹೋಗಲಿ, ಇಲ್ಲೇ ಇದ್ದೇನೆ ಅನ್ನುವ ಅರ್ಥದ ಮಾತು ಹೇಳಿದರು.

ನೇರಮಾತು
ಗೌರವದಿಂದಲೇ ಕೇಳುತ್ತೇನೆ. ಮಲಗಿದ್ದವನು ಬದುಕಿದ್ದ ಹುಡುಗ. ಮಿದುಳು ಪೂರ್ತಿ ಕೆಲಸ ಮಾಡುತ್ತಿತ್ತು. ಅದರಿಂದ ಸಾವಿನ ನಂತರದ ಬಗ್ಗೆ ಏನು ಗೊತ್ತಾಯಿತು?

ಸುಮ್ನೆ ಕೂತವ
ಏನೂ ಇಲ್ಲ. ನೀವು ಹೇಳಿದ್ದು ಸರಿ. ಅವನಿಗೆ ಗೊತ್ತಾದದ್ದು "ನಾನು" ಅನ್ನುವುದರ ಬಗ್ಗೆ. ಅದನ್ನು ನೋಡಿದ ಮೇಲೆ ಭಯ ಹೋಯಿತು. ನಾನು ಹೇಳಬೇಕೆಂದಿದ್ದೂ ಅದೇ. ಸತ್ತ ಮೇಲೆ ಏನಾಗುತ್ತದೆ ಅನ್ನುವುದನ್ನು ಅವರು ಬಿಡಿಸಲಿಲ್ಲ. ಆ ಪ್ರಶ್ನೆ ಕೇಳುವವನನ್ನೇ ತಿರುಗಿ ನೋಡಿದರು.

ಬುದ್ಧನೂ ಹಾಗೇ. ಮಾಲುಂಕ್ಯಪುತ್ತ ಅನ್ನುವ ಶಿಷ್ಯ ಪಟ್ಟು ಹಿಡಿದು ಕೇಳುತ್ತಾನೆ, ತಥಾಗತ ಸತ್ತ ಮೇಲೆ ಇರುತ್ತಾನಾ, ಇರುವುದಿಲ್ಲವಾ, ಹೇಳದಿದ್ದರೆ ಸಂಘ ಬಿಟ್ಟು ಹೋಗುತ್ತೇನೆ ಅಂತ. ಬುದ್ಧ ಹೇಳಲಿಲ್ಲ. ವಿಷದ ಬಾಣ ನಾಟಿಸಿಕೊಂಡವನ ಕಥೆ ಹೇಳಿದ. ಬಾಣ ಬಿಟ್ಟವನು ಕುಳ್ಳನೋ ಉದ್ದನೋ, ಬಿಲ್ಲು ಯಾವ ಮರದ್ದು ಅಂತ ಗೊತ್ತಾಗುವ ತನಕ ಬಾಣ ಕೀಳಬೇಡಿ ಅಂದರೆ ಅವನು ಅಷ್ಟರಲ್ಲಿ ಸಾಯುತ್ತಾನೆ.

ಹಾದಿಹೋಕ
ಆದರೆ ಸಾರ್, ಅಕ್ಕ ಕೇಳಿದ್ದು ತನ್ನ ಸಾವಿನ ಬಗ್ಗೆ ಅಲ್ಲ, ಅಮ್ಮನ ಬಗ್ಗೆ. "ಕೇಳುವವನು ಯಾರು ನೋಡು" ಅಂದರೆ ಅಮ್ಮ ಸಿಗುತ್ತಾರಾ?

ಸುಮ್ನೆ ಕೂತವ
ಸಿಗುವುದಿಲ್ಲ. ನನ್ನ ತಮ್ಮ ಹೋದಾಗ ಎಂಟು ತಿಂಗಳು ನಾನು ಧ್ಯಾನಕ್ಕೆ ಕೂರಲಿಲ್ಲ. ಕಣ್ಣು ಮುಚ್ಚಿದರೆ ಅವನ ಚಪ್ಪಲಿ ಬಾಗಿಲ ಹತ್ತಿರ ಕಾಣುತ್ತಿತ್ತು. ನಿಮ್ಮ ಮಾತು ಸರಿ.

ಕಹಿ ಉಂಡವಳು
ಒಂದು ಎಚ್ಚರಿಕೆ ಹೇಳಿ ಹೋಗುತ್ತೇನೆ. ನನ್ನ ಗಂಡ ತೀರಿಕೊಂಡ ಮೇಲೆ ಒಬ್ಬರು "ಅವರ ಆತ್ಮದ ಜೊತೆ ಮಾತಾಡಿಸುತ್ತೇನೆ" ಅಂದರು. ನಾನು ಹೇಳಿದ್ದನ್ನೇ ತಿರುಗಿಸಿ ನನ್ನ ಗಂಡನ ದನಿಯಲ್ಲಿ ಹೇಳುತ್ತಿದ್ದರು. ಒಂದು ದಿನ ಬೇಕೆಂತಲೇ ತಪ್ಪು ಹೆಸರು ಹೇಳಿದೆ. ಅದೇ ಹೆಸರು ವಾಪಸ್ ಬಂತು. ಅಷ್ಟು ಹೊತ್ತಿಗೆ ಉಳಿಸಿದ್ದೆಲ್ಲ ಕರಗಿತ್ತು. ಸಂಜೆಮಲ್ಲಿಗೆ, ಈ ಸಮಯದಲ್ಲಿ ಖಚಿತ ಉತ್ತರ ಕೊಡುವವರ ಹತ್ತಿರ ಹೋಗಬೇಡಿ.

ನೈಟ್ ಡ್ಯೂಟಿ
ನೂರಕ್ಕೆ ನೂರು ನಿಜ ಅಕ್ಕ.

ಮರುಹುಟ್ಟು
ಟಿಬೆಟ್ ಸಾಧಕರು ಸತ್ತ ಮೇಲೂ ಧ್ಯಾನದಲ್ಲಿ ಕೂತಿರುತ್ತಾರಂತೆ, ದಿನಗಟ್ಟಲೆ ದೇಹ ಕೆಡುವುದಿಲ್ಲವಂತೆ. ತುಕ್ದಂ ಅನ್ನುತ್ತಾರೆ. ಅದಕ್ಕೆ ಏನು ಹೇಳುತ್ತೀರಿ ಡಾಕ್ಟ್ರೇ?

ಅರಿವಳಿಕೆ ಡಾಕ್ಟರ್
ಅದನ್ನೂ ಅಳೆದು ನೋಡಿದ್ದಾರೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡ 2021ರಲ್ಲಿ ಫಲಿತಾಂಶ ಕೊಟ್ಟಿತು. ತುಕ್ದಂನಲ್ಲಿ ಇದ್ದಾರೆ ಅಂತ ಹೇಳಲಾದ ಯಾರ ಮಿದುಳಿನಲ್ಲೂ ವಿದ್ಯುತ್ ಚಟುವಟಿಕೆ ಸಿಗಲಿಲ್ಲ. ಆದರೆ ಅಳೆಯಲು ಆದದ್ದು ಸತ್ತು ಒಂದು ದಿನ ಕಳೆದ ಮೇಲೆ. ಮೊದಲ ಗಂಟೆಗಳ ದಾಖಲೆ ಇಲ್ಲ.

ಸಂಜೆಮಲ್ಲಿಗೆ
ಎಲ್ಲವನ್ನೂ ಓದಿದೆ. ಕೆಲವನ್ನು ಎರಡೆರಡು ಸಲ. ಮೇಷ್ಟ್ರೇ, ಹರಳಿನ ಮಾತು ಬಿಡುತ್ತಲೇ ಇಲ್ಲ. ನೇರಮಾತು ಅವರು ಹೇಳಿದ್ದೂ ಅಷ್ಟೇ. ನನಗೂ ಬೇಕಾಗಿರುವುದು ಹರಳೇ.

ಓದುತ್ತಾ ಹೋದ ಹಾಗೆ ನನಗೇ ಒಂದು ಗೊತ್ತಾಯಿತು. ನಾನು ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು, ಕೇಳುವುದಕ್ಕೆ ಧೈರ್ಯ ಬಂದಿರಲಿಲ್ಲ. ಬೆರಳು ನಿಲ್ಲುವುದಕ್ಕೆ ಸ್ವಲ್ಪ ಹೊತ್ತು ಮುಂಚೆ ನಾನು ಅಮ್ಮನ ಕಿವಿಯ ಹತ್ತಿರ ಬಗ್ಗಿ, "ಸಾಕಮ್ಮ, ಸುಸ್ತಾಗಿದೆ ನಿನಗೆ, ಮಲಕ್ಕೋ, ನಾನು ಇಲ್ಲೇ ಇರ್ತೀನಿ" ಅಂದೆ. ಅದನ್ನು ಕೇಳಿಸಿಕೊಂಡೇ ಹೋದರಾ? ಕೇಳಿಸಿಕೊಂಡಿದ್ದರೆ ನಾನು ಅವರನ್ನು ಕಳಿಸಿಬಿಟ್ಟ ಹಾಗಾಯಿತಾ? ಕೇಳಿಸದೇ ಇದ್ದಿದ್ದರೆ ಅವರು ಒಬ್ಬರೇ ಹೋದರಾ? ನಾಲ್ಕು ತಿಂಗಳಿಂದ ಬೆಳಗಿನ ಜಾವ ಅದೇ ಹೊತ್ತಿಗೆ ಎಚ್ಚರ ಆಗುತ್ತದೆ. ಇದನ್ನೇ ತಿರುಗಿಸಿ ತಿರುಗಿಸಿ ಯೋಚಿಸುತ್ತೇನೆ.

ಅರಿವಳಿಕೆ ಡಾಕ್ಟರ್
ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೊನೆಯ ಗಂಟೆಗಳಲ್ಲಿದ್ದ, ಮಾತಿಗೂ ಮುಟ್ಟಿದರೂ ಓಗೊಡದ ರೋಗಿಗಳಿಗೆ ಶಬ್ದಗಳನ್ನು ಕೇಳಿಸಿ ಮಿದುಳಿನ ಅಲೆ ನೋಡಿದರು. ಕೆಲವರ ಮಿದುಳು ಆರೋಗ್ಯವಂತರ ಮಿದುಳಿನ ಹಾಗೇ ಆ ಶಬ್ದಗಳಿಗೆ ಸ್ಪಂದಿಸಿತು. ಕೇಳಿದ್ದು ಬರೀ ಶಬ್ದ, ಮಾತಲ್ಲ. ಅರ್ಥ ಆಯಿತಾ ಅನ್ನುವುದನ್ನು ಆ ಅಲೆ ಹೇಳುವುದಿಲ್ಲ. ನೀವು ನೇರ ಮಾತು ಕೇಳಿದ್ದರಿಂದ ಅಷ್ಟನ್ನೂ ಸೇರಿಸಿ ಹೇಳುತ್ತಿದ್ದೇನೆ.

ಇನ್ನೊಂದು ವಿಷಯ ಖಚಿತವಾಗಿ ಹೇಳಬಲ್ಲೆ. ಸಾಕು ಅಂದ ಮಾತಿಗೆ ಯಾರ ಹೃದಯವೂ ನಿಲ್ಲುವುದಿಲ್ಲ. ನೀವು ಕಳಿಸಲಿಲ್ಲ.

ನೈಟ್ ಡ್ಯೂಟಿ
ಸಂಜೆಮಲ್ಲಿಗೆ, ನಾವು ಕೊನೆಯ ತನಕ ಹೆಸರು ಹಿಡಿದೇ ಮಾತಾಡಿಸುತ್ತೇವೆ. "ಅಮ್ಮಾ, ಪಕ್ಕಕ್ಕೆ ತಿರುಗಿಸ್ತೀನಿ, ಸ್ವಲ್ಪ ತಣ್ಣಗಾಗುತ್ತೆ" ಅಂತ ಹೇಳಿಯೇ ಒರೆಸುತ್ತೇವೆ. ಉಸಿರು ನಿಂತ ಮೇಲೂ ನಾನು ಹೇಳಿಯೇ ಕಣ್ಣು ಮುಚ್ಚಿಸುತ್ತೇನೆ. ಕೇಳುತ್ತದೋ ಇಲ್ಲವೋ ಅಂತ ಲೆಕ್ಕ ಹಾಕಿ ಮಾಡುವುದಲ್ಲ.

ಒಂದು ಕೇಳಲಾ? ನೀವು ಆ ಮಾತು ಹೇಳಿದ ಮೇಲೆ ಹೆಬ್ಬೆರಳು ಆಡಿತಾ?

ಸಂಜೆಮಲ್ಲಿಗೆ
ಆಡಿತು. ಒಂದು ಸಲ. ಆಮೇಲೆಯೇ ನಿಂತದ್ದು.